ಬರಿದಂಟಿನ ಗಸಗಸೆ: ಮನೆಯ ಕೊಯ್ಲುದೋಟಕ್ಕೆ ಬಂದ ಬಗೆ

ಲಂಡನ್ನಿನ ಆಗ್ನೇಯಕ್ಕೆ, ಆಗ ಕೆಂಟ್ ಪ್ರಾಂತ್ಯಕ್ಕೆ ಸೇರಿದ್ದ ಎಲ್ತಮ್ ಎಂಬ ಊರಿನಲ್ಲಿ ಜೇಮ್ಸ್ ಶೆರಾರ್ಡ್ ಎಂಬ ಔಷಧ ವ್ಯಾಪಾರಿ ದೂರದೇಶಗಳ ಸಸ್ಯಗಳನ್ನು ತರಿಸಿ ಬೆಳೆಸಿದ್ದರು. ಜರ್ಮನಿಯಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ್ದ ಸಸ್ಯವಿಜ್ಞಾನಿ ಯೋಹಾನ್ ಯಾಕೋಬ್ ಡಿಲ್ಲೇನಿಯಸ್ ಆ ತೋಟದ ಗಿಡಗಳನ್ನು ತಾವೇ ಚಿತ್ರಿಸಿ, ತಾವೇ ಫಲಕಗಳ ಮೇಲೆ ಕೊರೆದು, 324 ಫಲಕಗಳ 'ಹಾರ್ಟಸ್ ಎಲ್ತಮೆನ್ಸಿಸ್' ಎಂಬ ಗ್ರಂಥವನ್ನು 1732ರಲ್ಲಿ ಹೊರತಂದರು. ಅದರಲ್ಲಿ ಎಲೆಗಳೆಲ್ಲ ಬುಡದಲ್ಲೇ ಗುಂಪಾಗಿ ಹರಡಿ, ನಡುವಿನಿಂದ ಒಂದೂ ಎಲೆಯಿಲ್ಲದ ದಂಟು ನೇರವಾಗಿ ಎದ್ದು, ಅದರ ತುದಿಯಲ್ಲಿ ಸುವಾಸನೆಯ ಹಳದಿ ಹೂವೊಂದು ಅರಳುವ ಗಿಡವೂ ಇದೆ. ಇಂದು ಐಸ್‌ಲ್ಯಾಂಡ್ ಪಾಪಿ ಎಂಬ ಹೆಸರಿನಿಂದ ಮನೆಯಂಗಳದ ಹೂದೋಟಗಳಲ್ಲಿ ಬೆಳೆಯುವ ಗಿಡ ಅದೇ.

'ಪಾಪಿ' ಎಂಬುದು ಕನ್ನಡದ ಅಡುಗೆಮನೆಗೆ ಅಪರಿಚಿತವಾದ ವಂಶವಲ್ಲ. ಪಾಯಸಕ್ಕೆ ಅರೆಯುವ ಗಸಗಸೆ ಈ ಕುಟುಂಬದ್ದೇ ಇನ್ನೊಂದು ಗಿಡದ ಬೀಜ, ಮತ್ತು ಆ ಗಿಡದ ಕಾಯಿಯ ಸೊನೆಯಿಂದಲೇ ಅಫೀಮು ಸಿಗುವುದರಿಂದ ಭಾರತದಲ್ಲಿ ಅದರ ಬೇಸಾಯಕ್ಕೆ ಸರ್ಕಾರದ ಪರವಾನಗಿ ಬೇಕು. ಐಸ್‌ಲ್ಯಾಂಡ್ ಗಸಗಸೆಯಿಂದ ಅಫೀಮು ಬರುವುದಿಲ್ಲ, ಅದರ ಬೀಜವನ್ನು ಅಡುಗೆಗೂ ಬಳಸುವುದಿಲ್ಲ. ಗಿಡದ ಸೊನೆಯಲ್ಲಿ ವಿಷಕಾರಿ ಕ್ಷಾರಾಭಗಳಿರುವುದರಿಂದ ಅದನ್ನು ಬೆಳೆಯುವುದು ಹೂವಿಗಾಗಿ ಮಾತ್ರ. ಡಿಲ್ಲೇನಿಯಸ್ ಅವರ ದೀರ್ಘ ವರ್ಣನೆಯಲ್ಲಿದ್ದ, 'ಬರಿದಂಟಿನ' ಎಂಬ ಅರ್ಥದ 'ನೂಡಿಕಾಲೆ' ಎಂಬ ಲ್ಯಾಟಿನ್ ಪದವನ್ನೇ ಉಳಿಸಿಕೊಂಡು, 1753ರ 'ಸ್ಪೀಷೀಸ್ ಪ್ಲಾಂಟಾರಮ್' ಗ್ರಂಥದಲ್ಲಿ ಕಾರ್ಲ್ ಲಿನ್ನೇಯಸ್ ಇದಕ್ಕೆ 'ಪಪಾವರ್ ನೂಡಿಕಾಲೆ' ಎಂದು ಹೆಸರಿಟ್ಟರು. ಗಿಡದ ನೆಲೆ ಸೈಬೀರಿಯ ಎಂದು ಅಲ್ಲಿಯೇ ದಾಖಲಿಸಿದರು.

ಹೀಗಿರುವಾಗ ಐಸ್‌ಲ್ಯಾಂಡಿನ ಹೆಸರು ಅಂಟಿಕೊಂಡದ್ದು ಶಾಸ್ತ್ರದ ಮೂಲ ದಾಖಲೆಯಿಂದಲ್ಲ. ಉತ್ತರಧ್ರುವದ ಸುತ್ತಲಿನ ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ನಾರ್ವೆಗಳಲ್ಲಿ ಇದಕ್ಕೆ ಬಹಳ ಹತ್ತಿರದ, ಆದರೆ ಬೇರೆಯೇ ಆದ ಹಳದಿ ಗಸಗಸೆಗಳಿವೆ; ಐಸ್‌ಲ್ಯಾಂಡಿನ ಜಲ್ಲಿನೆಲದಲ್ಲಿ ತಾನಾಗಿ ಬೆಳೆಯುವ 'ಪಪಾವರ್ ರಾಡಿಕಾಟಮ್' ಅವುಗಳಲ್ಲೊಂದು. ಹತ್ತೊಂಬತ್ತನೆಯ ಶತಮಾನದ ಅನೇಕ ಸಸ್ಯಗ್ರಂಥಗಳು ಇವೆಲ್ಲವನ್ನೂ 'ನೂಡಿಕಾಲೆ' ಎಂಬ ಒಂದೇ ಹೆಸರಿನಡಿ ಸೇರಿಸುತ್ತಿದ್ದುದರಿಂದ, ಸೈಬೀರಿಯ, ಮಂಗೋಲಿಯ ಮತ್ತು ಉತ್ತರ ಚೀನದ ತಂಪುನೆಲಗಳ ಗಿಡಕ್ಕೆ ಅಟ್ಲಾಂಟಿಕ್ ಸಾಗರದ ದ್ವೀಪವೊಂದರ ಹೆಸರು ನಿಂತುಹೋಯಿತು. ಈ ವಿಷಯದಲ್ಲಿ ಜಪಾನೀ ಭಾಷೆ ಹೆಚ್ಚು ಪ್ರಾಮಾಣಿಕವಾಗಿದೆ: ಅಲ್ಲಿ ಈ ಗಿಡಕ್ಕೆ ಸೈಬೀರಿಯದ ಗಸಗಸೆ ಎಂಬ ಅರ್ಥದ 'ಶಿಬೇರಿಯ ಹಿನಾಗೇಶಿ' ಎಂಬ ಹೆಸರೂ ಇದೆ. ಗೊಂದಲ ಇಲ್ಲಿಗೇ ಮುಗಿಯಲಿಲ್ಲ. ದೋರ್ಪಾತ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಕಾರ್ಲ್ ಫ್ರೀಡ್ರಿಕ್ ಫಾನ್ ಲೇಡೆಬೂರ್ 1826ರಲ್ಲಿ ಅಲ್ತಾಯ್ ಪರ್ವತಗಳಲ್ಲಿ ಸಂಚರಿಸಿ, ಮುಂದೆ 'ಫ್ಲೋರಾ ಅಲ್ತಾಯಿಕಾ' ಗ್ರಂಥದಲ್ಲಿ ಕೇಸರಿ ಬಣ್ಣದ ಗಸಗಸೆಯೊಂದನ್ನು 'ಪಪಾವರ್ ಕ್ರೋಸಿಯಮ್' ಎಂದು ವರ್ಣಿಸಿದರು; ತೋಟದ ಐಸ್‌ಲ್ಯಾಂಡ್ ಗಸಗಸೆಗಳಲ್ಲಿ ಕಾಣುವ ಕಿತ್ತಳೆ ಛಾಯೆಗಳನ್ನು ನೋಡಿ, ತೋಟದ ತಳಿಗಳೆಲ್ಲ ವಾಸ್ತವವಾಗಿ ಇದಕ್ಕೇ ಸೇರಬೇಕೆಂದು ವಾದಿಸುವ ಸಸ್ಯವಿಜ್ಞಾನಿಗಳಿದ್ದಾರೆ.

ಗಿಡ ತೋಟಕ್ಕೆ ಬಂದದ್ದು ಒಂದು ಘಟ್ಟವಾದರೆ, ಅದನ್ನು ಕೊಯ್ಯುವುದಕ್ಕೆಂದೇ ಬೆಳೆಯತೊಡಗಿದ್ದು ಇನ್ನೊಂದು. ಹೂವನ್ನು ದಂಟಿಲ್ಲದೆ ಬಿಡಿಸಿ, ಮಾಲೆ ಕಟ್ಟಿ ದೇವರಿಗೂ ಮುಡಿಗೂ ಏರಿಸುವ ಕರ್ನಾಟಕದಂಥ ನಾಡಿನಲ್ಲಿ ದಂಟಿನ ಉದ್ದ ದೊಡ್ಡ ಗುಣವಲ್ಲ. ಇಂಗ್ಲೆಂಡಿನಲ್ಲಿ ಹೂವು ಮೇಜಿನ ಮೇಲಿನ ಹೂದಾನಿಗೆ ಹೋಗುತ್ತಿದ್ದುದರಿಂದ ದಂಟೇ ಮುಖ್ಯ. ವಿಕ್ಟೋರಿಯ ರಾಣಿಯ ಕಾಲದ ದೊಡ್ಡ ಮನೆಗಳಲ್ಲಿ ನೋಟಕ್ಕೆಂದು ಸಿದ್ಧಪಡಿಸಿದ ಮುಂದಿನ ತೋಟದ ಹೂಗಳನ್ನು ಕಿತ್ತರೆ ಪಾತಿಗಳು ಬೋಳಾಗುತ್ತವೆಂದು, ಎತ್ತರದ ಗೋಡೆಗಳ ಒಳಗಿನ ತರಕಾರಿ ತೋಟದಲ್ಲೇ ಕೆಲವು ಸಾಲುಗಳನ್ನು ಮನೆಯ ಅಲಂಕಾರದ ಹೂವುಗಳಿಗಾಗಿ ಬಿಡುತ್ತಿದ್ದರು. ಕೊಯ್ಲುದೋಟವೆಂದರೆ ಇದು: ಎಲೆಕೋಸಿನ ಸಾಲಿನಂತೆ ನೇರವಾಗಿ ಬಿತ್ತಿ, ನೋಟದ ಹಂಗಿಲ್ಲದೆ ಬೇಕೆಂದಾಗ ಕತ್ತರಿಸಿಕೊಳ್ಳುವ ಹೂವಿನ ಬೆಳೆ. ತೋಟಗಾರ್ತಿ ಗರ್ಟ್ರೂಡ್ ಜೀಕಿಲ್ 1907ರಲ್ಲಿ ಮನೆಯೊಳಗಿನ ಹೂವಿನ ಅಲಂಕಾರವನ್ನೇ ವಿಷಯವಾಗಿಸಿಕೊಂಡು ಒಂದು ಪುಸ್ತಕ ಬರೆದರು. 'ಮನ್‌ಸ್ಟೆಡ್ ಗಾಜು' ಎಂದು ಹೆಸರಾದ ಸರಳವಾದ ಹೂದಾನಿಗಳನ್ನೂ ಅವರೇ ವಿನ್ಯಾಸ ಮಾಡಿದ್ದರು. ಇದಕ್ಕೆ ಮುಂಚೆ, 1870ರ 'ದಿ ವೈಲ್ಡ್ ಗಾರ್ಡನ್' ಮತ್ತು 1883ರ 'ದಿ ಇಂಗ್ಲಿಷ್ ಫ್ಲವರ್ ಗಾರ್ಡನ್' ಕೃತಿಗಳ ಮೂಲಕ ವಿಲಿಯಂ ರಾಬಿನ್ಸನ್ ಗಾಜಿನಮನೆಯ ಸಸಿಗಳನ್ನು ರತ್ನಗಂಬಳಿಯಂತೆ ನೆಡುವ ಆಗಿನ ರೂಢಿಯನ್ನು ಕಟುವಾಗಿ ಖಂಡಿಸಿ, ಚಳಿ ತಡೆಯುವ ಗಿಡಗಳ ಸಹಜ ಚೆಲುವಿನ ಪರವಾಗಿ ನಿಂತಿದ್ದರು. ಸೈಬೀರಿಯದ ಚಳಿಯನ್ನು ತಡೆದ ಗಸಗಸೆಗೆ ಇಂಥ ಅಭಿರುಚಿ ಬಾಗಿಲು ತೆರೆಯಿತು.

ಕೊಯ್ಲುದೋಟಕ್ಕೆ ಇದು ಹೇಗೆ ಒಗ್ಗಿತೆಂಬುದನ್ನು ತಿಳಿಯಲು ಗಿಡದ ಮೈಕಟ್ಟನ್ನೇ ನೋಡಬೇಕು. ಲಿನ್ನೇಯಸ್ ಹೆಸರಿನಲ್ಲಿ ಗುರುತಿಸಿದ ಬರಿದಂಟು ಕೊಯ್ಯುವವರಿಗೆ ವರವಾಗುತ್ತದೆ, ಏಕೆಂದರೆ ದಂಟಿನಲ್ಲಿ ಎಲೆ ಇಲ್ಲದ್ದರಿಂದ ಬಿಡಿಸುವ ಕೆಲಸವಿಲ್ಲ, ನೀರಿನಲ್ಲಿ ಮುಳುಗಿ ಕೊಳೆಯುವ ಸೊಪ್ಪೂ ಇಲ್ಲ. ಒಂದು ದಂಟನ್ನು ಬುಡದಲ್ಲಿ ಕತ್ತರಿಸಿದರೆ ಎಲೆಗುಂಪಿನ ನಡುವಿನಿಂದ ಮತ್ತೊಂದು ಮೊಗ್ಗು ಏಳುತ್ತದೆ. ಹೂವನ್ನು ಗಿಡದಲ್ಲೇ ಬಿಟ್ಟು ಕಾಯಿಕಟ್ಟಲು ಅವಕಾಶ ಕೊಟ್ಟರೆ ಹೊಸ ಮೊಗ್ಗುಗಳು ಕಡಿಮೆಯಾಗುತ್ತವೆ. ಆದರೆ ಈ ಕುಟುಂಬದ ಸೊನೆ ಕೊಯ್ಯುವವರಿಗೆ ತೊಡಕು ತರುತ್ತದೆ. ಕತ್ತರಿಸಿದ ದಂಟಿನ ತುದಿಯಿಂದ ಜಿನುಗುವ ಸೊನೆಯನ್ನು ತಡೆಯಲು ಆ ತುದಿಯನ್ನು ಕೆಲವು ಕ್ಷಣ ದೀಪದ ಉರಿಗೆ ಹಿಡಿಯುವ ಅಥವಾ ಕುದಿಯುವ ನೀರಿನಲ್ಲಿ ಅದ್ದುವ ಪದ್ಧತಿ ತೋಟಗಾರರಲ್ಲಿ ಬೆಳೆದು ಬಂದಿದೆ. ಕೊಯ್ಯುವ ಹೊತ್ತೂ ಅಷ್ಟೇ ಸೂಕ್ಷ್ಮ: ಎಳೆಯ ಮೊಗ್ಗು ತಲೆತಗ್ಗಿಸಿ ಬಾಗಿರುತ್ತದೆ, ಬಲಿತಾಗ ದಂಟು ನೆಟ್ಟಗಾಗುತ್ತದೆ, ಆಗ ಮೊಗ್ಗನ್ನು ಮುಚ್ಚಿದ ರೋಮಭರಿತ ಪುಷ್ಪಪತ್ರಗಳೆರಡು ಬಿರಿದು ಒಳಗಿನ ಬಣ್ಣ ಒಂದು ಗೆರೆಯಷ್ಟು ಕಾಣುತ್ತದೆ. ಆ ಗೆರೆ ಕಂಡಾಗಲೇ ಕತ್ತರಿಸಬೇಕು. ಮೊಗ್ಗಿನೊಳಗೆ ಮುದುಡಿ ಅಡಕವಾಗಿದ್ದ ಎಸಳುಗಳು ಅನಂತರ ಹೂದಾನಿಯಲ್ಲೇ ಸುಕ್ಕು ಬಿಡಿಸಿಕೊಂಡು, ತೆಳುವಾದ ರೇಷ್ಮೆಯಂತೆ ಅಗಲವಾಗುತ್ತವೆ. ತೋಟದಲ್ಲಿ ಪೂರ್ತಿ ಅರಳಿದ ಹೂವನ್ನು ಕೊಯ್ದರೆ ಎಸಳು ಬೇಗನೆ ಉದುರುತ್ತವೆ.

ಬಿತ್ತನೆಯಲ್ಲೂ ಗಿಡ ತನ್ನ ಮೂಲನೆಲದ ಸ್ವಭಾವವನ್ನು ಬಿಟ್ಟಿಲ್ಲ. ಧೂಳಿನಷ್ಟು ಸಣ್ಣ ಬೀಜವನ್ನು ಮಣ್ಣಿನಲ್ಲಿ ಹೂಳದೆ ಮೇಲೆಯೇ ಉದುರಿಸಿ ಒತ್ತಬೇಕು. ಬೇರು ಕದಲಿದರೆ ಸೊರಗುವುದರಿಂದ ಸಸಿಯನ್ನು ತೀರ ಎಳೆಯದಾಗಿರುವಾಗಲೇ, ಬುಡದ ಮಣ್ಣು ಬಿಡಿಸದೆ, ಪಾತಿಗೆ ಸಾಗಿಸಬೇಕು. ಸ್ವಭಾವದಲ್ಲಿ ಇದು ಕೆಲವು ವರ್ಷ ಬದುಕುವ ಗಿಡವೇ ಆದರೂ ಬಿಸಿಲಿನ ಬೇಗೆ ಸಹಿಸದು. ಆದ್ದರಿಂದ ಚಳಿಗಾಲ ಮೃದುವಾಗಿರುವ ಕ್ಯಾಲಿಫೋರ್ನಿಯ, ಆಸ್ಟ್ರೇಲಿಯಗಳಂಥ ಕಡೆ ಅದನ್ನು ಚಳಿಗಾಲಕ್ಕೆ ಮುನ್ನ ಬಿತ್ತಿ, ಚಳಿಗಾಲ ಮತ್ತು ವಸಂತಗಳಲ್ಲಿ ಹೂ ಕೊಯ್ದು, ಬೇಸಗೆಗೆ ಕಿತ್ತುಹಾಕುವ ಏಕವಾರ್ಷಿಕದಂತೆ ಬೆಳೆಯುವ ರೂಢಿಯಿದೆ.

ಬಣ್ಣಗಳ ಚರಿತ್ರೆ ಇನ್ನೂ ಸಮೃದ್ಧವಾದದ್ದು. ಎಲ್ತಮ್‌ನ ಹಳದಿ ಹೂವಿನಿಂದ ಬಿಳಿ, ಕೆನೆ, ಕಿತ್ತಳೆ, ಹವಳಗುಲಾಬಿ ಛಾಯೆಗಳವರೆಗೆ ತಳಿಗಳು ಬೆಳೆದದ್ದರ ಹಿಂದೆ ಆರಿಸಿ ಬೀಜ ಹಿಡಿಯುವ ತಾಳ್ಮೆಯಿದೆ. ಆ ತಾಳ್ಮೆಗೆ ಆಗಿನ ಇಂಗ್ಲೆಂಡಿನಲ್ಲಿ ಪ್ರಸಿದ್ಧ ನಿದರ್ಶನ ಸಿಗುವುದು ಸೋದರ ಗಿಡವೊಂದರಲ್ಲಿ: 1880ರಲ್ಲಿ ಶರ್ಲಿ ಎಂಬ ಊರಿನ ಪಾದ್ರಿ ವಿಲಿಯಂ ವಿಲ್ಕ್ಸ್, ಹೊಲದ ಕೆಂಪು ಗಸಗಸೆಗಳ ನಡುವೆ ಎಸಳಿನ ಅಂಚಿಗೆ ಕಿರಿದಾದ ಬಿಳಿಗೆರೆಯಿದ್ದ ಒಂದೇ ಹೂವನ್ನು ಗುರುತಿಸಿ, ಅದರ ಬೀಜವನ್ನು ವರ್ಷ ವರ್ಷ ಆರಿಸಿ ಬಿತ್ತಿ 'ಶರ್ಲಿ ಪಾಪಿ' ತಳಿಯನ್ನು ರೂಪಿಸಿದರು. ಐಸ್‌ಲ್ಯಾಂಡ್ ಗಸಗಸೆಯ ಬಣ್ಣಗಳು ಸಂತತಿಯಲ್ಲಿ ಹೇಗೆ ಇಳಿದು ಬರುತ್ತವೆಂಬುದನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದವರು ಪ್ರಖ್ಯಾತ ರಷ್ಯನ್ ರತ್ನಶಿಲ್ಪಿ ಕಾರ್ಲ್ ಫಬೆರ್ಜೆಯವರ ಮೊಮ್ಮಗ, ತಳಿವಿಜ್ಞಾನಿ ಅಲೆಕ್ಸಾಂಡರ್ ಫಬೆರ್ಜೆ. ತೋಟದ ಐಸ್‌ಲ್ಯಾಂಡ್ ಗಸಗಸೆಯನ್ನು ಕುರಿತ ಅವರ ಪ್ರಬಂಧ, ಯುದ್ಧದ ನಡುವೆ, 1942ರಲ್ಲಿ 'ಜರ್ನಲ್ ಆಫ್ ಜೆನೆಟಿಕ್ಸ್' ಪತ್ರಿಕೆಯಲ್ಲಿ ಬಂತು. ವಿಲಿಯಂ ಬೇಟ್ಸನ್ ಮತ್ತು ಆರ್. ಸಿ. ಪನೆಟ್ 1910ರಲ್ಲಿ ಇಂಗ್ಲೆಂಡಿನಲ್ಲಿ ಆರಂಭಿಸಿದ ಈ ಪತ್ರಿಕೆಯನ್ನು ಜೆ. ಬಿ. ಎಸ್. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ವಲಸೆ ಬಂದಾಗ ಜೊತೆಗೆ ತಂದರು, ಮತ್ತು 1985ರಿಂದ ಅದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಪ್ರಕಟಿಸುತ್ತಿದೆ. ಹಳದಿಯ ರಹಸ್ಯವೂ ಸುಲಭವಾಗಿ ಬಿಡಿಸಿಕೊಳ್ಳಲಿಲ್ಲ. ರಸಾಯನಶಾಸ್ತ್ರಜ್ಞರು 1939ರಲ್ಲೇ ವರದಿ ಮಾಡಿದ ಆ ವರ್ಣದ್ರವ್ಯಕ್ಕೆ ಗಿಡದ ಹೆಸರಿನಿಂದಲೇ 'ನೂಡಿಕಾಲಿನ್' ಎಂಬ ಹೆಸರು ಬಂದಿದೆ. ಕೆಂಪು, ನೇರಳೆ ಹೂಗಳಿಗೆ ಬಣ್ಣ ಕೊಡುವ ಆಂಥೋಸಯನಿನ್ ಎಂಬ ವಸ್ತುವಿನ ವರ್ಗಕ್ಕೆ ಇಂಡೋಲ್ ಎಂಬ ಸಾರಜನಕಯುಕ್ತ ಅಣು ಕೂಡಿಕೊಂಡು ಹಳದಿಯಾಗುವ ಅಪರೂಪದ ರಚನೆ ಅದರದು. ಆ ರಚನೆಯ ಸರಿಯಾದ ರೂಪ ಜರ್ಮನಿಯ ಯೇನಾ ನಗರದ ಸಂಶೋಧಕರಿಂದ ನಿರ್ಧಾರವಾದದ್ದು 2013ರಲ್ಲಿ.

ಮಾರುಕಟ್ಟೆಯೊಡನೆ ಈ ಹೂವಿನ ನಂಟು ಎಂದೂ ಗುಲಾಬಿಯಷ್ಟು ಗಟ್ಟಿಯಾಗಲಿಲ್ಲ. ಇಟಲಿಯ ಸಾನ್‌ರೆಮೋ ಸುತ್ತಲಿನ ಲಿಗೂರಿಯ ಕರಾವಳಿ ಮತ್ತು ಜಪಾನಿನ ಚೀಬಾ ಪ್ರಾಂತ್ಯದ ಬೋಸೋ ಪರ್ಯಾಯದ್ವೀಪ ಹೂವಿನ ಬೇಸಾಯಕ್ಕೆ ಹೆಸರಾಗಿವೆ, ಅಲ್ಲಿ ಐಸ್‌ಲ್ಯಾಂಡ್ ಗಸಗಸೆಗೂ ಎಡೆ ಸಿಕ್ಕಿದೆ. ಆದರೆ ತಿಂಗಳುಗಟ್ಟಲೆ ಒಂದೇ ಅಳತೆಯ ಹೂವನ್ನು ವಿಮಾನದಲ್ಲಿ ಸಾಗಿಸುವ ಇಂದಿನ ವ್ಯಾಪಾರಕ್ಕೆ ಇದರ ತೆಳು ಎಸಳು, ಸೊನೆ, ಹೂದಾನಿಯಲ್ಲಿ ಒಂದು ವಾರದ ಆಸುಪಾಸಿನ ಆಯಸ್ಸು ಯಾವುದೂ ಹೊಂದುವುದಿಲ್ಲ. ಮನೆಯ ತೋಟಕ್ಕೆ ಈ ಕೊರತೆಗಳು ಕೊರತೆಗಳೇ ಅಲ್ಲ, ಏಕೆಂದರೆ ಅಲ್ಲಿ ಪಾತಿಗೂ ಮೇಜಿಗೂ ಕೆಲವೇ ಹೆಜ್ಜೆಗಳ ಅಂತರ. ಸಾರಾ ರೇವನ್ ಅವರ 'ದಿ ಕಟಿಂಗ್ ಗಾರ್ಡನ್' 1996ರಲ್ಲಿ ಇಂಗ್ಲೆಂಡಿನಲ್ಲೂ, ಎರಿನ್ ಬೆಂಜಕೈನ್ ಅವರ 'ಕಟ್ ಫ್ಲವರ್ ಗಾರ್ಡನ್' 2017ರಲ್ಲಿ ಅಮೆರಿಕದಲ್ಲೂ ಪ್ರಕಟವಾದ ಮೇಲೆ ಸಾಮಾನ್ಯ ಮನೆಗಳಲ್ಲಿ ಕೊಯ್ಲುದೋಟದ ಹವ್ಯಾಸಕ್ಕೆ ಹೊಸ ಜೀವ ಬಂತು, ಅದರೊಡನೆ ಈ ಗಸಗಸೆಗೂ.

ಸಸ್ಯವಿಜ್ಞಾನಿಗಳು 2022ರಲ್ಲಿ ಬರಿದಂಟಿನ ಗಸಗಸೆಗಳನ್ನು ಅಡುಗೆಯ ಗಸಗಸೆಯ ಕುಲದಿಂದ ಬೇರ್ಪಡಿಸಿ, ಗ್ರೀಕ್ ಭಾಷೆಯಲ್ಲಿ 'ಬೆಟ್ಟದ ಗಸಗಸೆ' ಎಂಬ ಅರ್ಥ ಬರುವ 'ಓರಿಯೋಮೇಕಾನ್' ಕುಲಕ್ಕೆ ಸೇರಿಸಿದರು, ಮತ್ತು ಈಗ ಇದರ ಹೆಸರು 'ಓರಿಯೋಮೇಕಾನ್ ನೂಡಿಕಾಲಿಸ್'. ಕುಲ ಬದಲಾದರೂ ಡಿಲ್ಲೇನಿಯಸ್ ಕಂಡ ಬರಿದಂಟು ಹೆಸರಿನಲ್ಲಿ ಉಳಿದಿದೆ. ಐಸ್‌ಲ್ಯಾಂಡಿನ ಜನರಂತೂ ತಮ್ಮ ನಾಡಿನ ಕಾಡು ಗಸಗಸೆಯನ್ನು 'ಜಲ್ಲಿನೆಲದ ಸೂರ್ಯ' ಎಂಬ ಅರ್ಥದ 'ಮೆಲಾಸೋಲ್' ಎಂದು ಕರೆದು, ಹೊರಗಿನಿಂದ ತಮ್ಮ ಅಂಗಳಗಳಿಗೆ ಬಂದ ಈ ಸೈಬೀರಿಯದ ಹೂವಿಗೆ 'ಗಾರ್ದಾಸೋಲ್', ಅಂದರೆ ತೋಟದ ಸೂರ್ಯ, ಎಂಬ ಬೇರೆ ಹೆಸರನ್ನೇ ಇಟ್ಟುಕೊಂಡಿದ್ದಾರೆ.