ಒಣಗಿದ ರಕ್ತದ ಹನಿಯ ಕತೆ

ಡಿಎನ್ಎ ಕಾಪಾಡಬೇಕು ಅಂದ್ರೆ ಮೈನಸ್ 80 ಡಿಗ್ರಿ ಫ್ರೀಜರ್ರೇ ಬೇಕು ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿರ್ತೀವಿ. ಕರೆಂಟ್ ಹೋದ್ರೆ ಜನರೇಟರ್, ಅದೂ ಕೆಟ್ರೆ ಇನ್ನೊಂದು ಜನರೇಟರ್! ಆದ್ರೆ ಲಕ್ಷಾಂತರ ಜನರ ಡಿಎನ್ಎ ಉಳಿದುಕೊಂಡಿದ್ದು ಒಂದು ತುಂಡು ಹೀರುಕಾಗದದ ಮೇಲೆ. ಅದನ್ನು ಬಳಕೆಗೆ ತಂದ ಮನುಷ್ಯನ ಉದ್ದೇಶವೇ ಬೇರೆ ಇತ್ತು.

ಅಮೆರಿಕದ ಬಫಲೋ ಊರಿನ ಸೂಕ್ಷ್ಮಜೀವಿ ವಿಜ್ಞಾನಿ ರಾಬರ್ಟ್ ಗಥ್ರಿ. ಅವರ ಮಗ ಬುದ್ಧಿಮಾಂದ್ಯ. 1958ರಲ್ಲಿ ಹೆಂಡತಿಯ ಸೋದರಿಯ ಮಗುವಿಗೆ ಪಿಕೆಯು ಅನ್ನೋ ಕಾಯಿಲೆ ಇರೋದು ಗೊತ್ತಾಯ್ತು. ಆಹಾರದಲ್ಲಿರುವ ಫಿನೈಲಲನಿನ್ ಕರಗದೆ ಮೈಯಲ್ಲಿ ಶೇಖರವಾಗಿ ಮೆದುಳನ್ನೇ ಹಾಳು ಮಾಡುತ್ತೆ. ಹುಟ್ಟಿದ ಕೆಲವೇ ವಾರದೊಳಗೆ ಪಥ್ಯ ಶುರು ಮಾಡಿದ್ರೆ ಮಗು ಉಳಿದವರ ಹಾಗೇ ಬೆಳೆಯುತ್ತೆ. ಆ ಮಗುವಿನ ಪಾಲಿಗೆ ಕಾಲ ಮಿಂಚಿತ್ತು.

ಗಥ್ರಿ ಕಂಡುಕೊಂಡ ಉಪಾಯ ಇಷ್ಟೇ: ಹಸುಗೂಸಿನ ಹಿಮ್ಮಡಿಗೆ ಸಣ್ಣಗೆ ಚುಚ್ಚಿ, ನಾಲ್ಕು ಹನಿ ರಕ್ತ ದಪ್ಪ ಕಾಗದಕ್ಕೆ ಇಳಿಸಿ, ಒಣಗಿಸಿ, ಲಕೋಟೆಗೆ ಹಾಕಿ ಪೋಸ್ಟ್ ಮಾಡೋದು. ಪ್ರಯೋಗಾಲಯದಲ್ಲಿ ಅದರಿಂದ ಪುಟ್ಟ ಬಿಲ್ಲೆ ಕತ್ತರಿಸಿ ಬ್ಯಾಕ್ಟೀರಿಯಾ ತಟ್ಟೆಯ ಮೇಲಿಡ್ತಿದ್ರು. ಬಿಲ್ಲೆ ಸುತ್ತ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆದ್ರೆ ಫಿನೈಲಲನಿನ್ ಜಾಸ್ತಿ ಇದೆ ಅಂತ ಅರ್ಥ. ನನ್ನ ಪ್ರಕಾರ ಇದರಲ್ಲಿ ನಿಜವಾದ ಜಾಣತನ ಇರೋದು ಅಂಚೆಯಲ್ಲೇ. ಹಳ್ಳಿ ಆಸ್ಪತ್ರೆಗೆ ಐಸ್ ಪೆಟ್ಟಿಗೆಯ ಹಂಗಿಲ್ಲ ನೋಡಿ! 1963ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಈ ಪರೀಕ್ಷೆಯನ್ನು ಕಡ್ಡಾಯ ಮಾಡ್ತು.

ಪರೀಕ್ಷೆ ಮುಗಿದ ಮೇಲೂ ಕಾಗದದಲ್ಲಿ ರಕ್ತ ಉಳಿದಿರ್ತಿತ್ತು. ಕೆಲವು ಕಡೆ ಎಸೆದರು, ಕೆಲವು ಕಡೆ ಎತ್ತಿಟ್ಟರು. ಸ್ವೀಡನ್ 1975ರಿಂದ ಎತ್ತಿಡ್ತಾ ಬಂತು. 1987ರಲ್ಲಿ ಅಮೆರಿಕದ ಸಂಶೋಧಕರು ಇಂಥ ಕಲೆಗಳಿಂದ ಡಿಎನ್ಎ ತೆಗೆದು ತೋರಿಸಿದರು. ಯಾರೂ ಬ್ಯಾಕಪ್ ಅಂತ ಅಂದುಕೊಳ್ಳದೆ ಆಗಿಬಿಟ್ಟ ಬ್ಯಾಕಪ್ ಇದು! ಡಿಎನ್ಎಯನ್ನು ಕತ್ತರಿಸೋ ಕಿಣ್ವಗಳಿಗೂ, ಕೊಳೆಸೋ ಸೂಕ್ಷ್ಮಜೀವಿಗಳಿಗೂ ನೀರು ಬೇಕು. ನೀರು ಆರಿದ್ರೆ ಎಲ್ಲ ಕೆಲಸ ನಿಂತ ಹಾಗೇ. ಸಂಡಿಗೆ ಒಣಗಿಸಿ ಡಬ್ಬಿಗೆ ತುಂಬೋ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೇವ ತಾಗಿದ್ರೆ ಮಾತ್ರ ಕೆಟ್ಟಿತು. ಆಮೇಲೆ ಆಸ್ಟ್ರೇಲಿಯಾದ ಲೀ ಬರ್ಗೋಯ್ನ್ ಜೀವಕೋಶ ಒಡೆದು ಡಿಎನ್ಎ ಕಾಪಾಡೋ ರಾಸಾಯನಿಕಗಳನ್ನು ಕಾಗದಕ್ಕೇ ಮೊದಲು ಸೇರಿಸಿದರು. ಅದೇ ಎಫ್‌ಟಿಎ ಕಾರ್ಡು.

ಆದ್ರೆ ಉಳಿದ ರಕ್ತ ಯಾರದ್ದು? 2003ರ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ವಿದೇಶಾಂಗ ಸಚಿವೆ ಅನಾ ಲಿಂಡ್ ಅವರನ್ನು ಅಂಗಡಿಯೊಂದರಲ್ಲಿ ಇರಿದು ಕೊಂದರು. ಪೊಲೀಸರು ಶಂಕಿತನ ಡಿಎನ್ಎಗಾಗಿ ಅವನು ಹಸುಗೂಸಾಗಿದ್ದಾಗಿನ ಕಾಗದವನ್ನೇ ತರಿಸಿಕೊಂಡರು. ಕೊಲೆಗಾರ ಅವನೇ ಅಂತ ಆಮೇಲೆ ಸಾಬೀತಾಯ್ತು, ನಿಜ. ಆದ್ರೆ ಹಿಮ್ಮಡಿ ಚುಚ್ಚಿಸಿಕೊಂಡ ಆ ಕೂಸನ್ನು ಯಾರೂ ಇದಕ್ಕೆ ಒಪ್ಪಿಗೆ ಕೇಳಿರಲಿಲ್ಲ. ಟೆಕ್ಸಾಸಿನಲ್ಲಿ ತಮ್ಮನ್ನು ಕೇಳದೆ ಸಂಶೋಧನೆಗೆ ಇಟ್ಟುಕೊಂಡಿದ್ದಾರೆ ಅಂತ ತಂದೆತಾಯಿಗಳು 2009ರಲ್ಲಿ ಕೋರ್ಟಿಗೆ ಹೋದರು. ರಾಜಿಯಾಗಿ, 50 ಲಕ್ಷಕ್ಕೂ ಹೆಚ್ಚು ಕಾರ್ಡುಗಳನ್ನು ನಾಶ ಮಾಡಿದರು.