ಚೌಕದೊಳಗೆ ಕರಗಿದ ಸಹ್ಯಾದ್ರಿ

ಸಿಂಧನೂರು ತಾಲ್ಲೂಕಿನ ಸಾಲಗುಂದದ ಸುತ್ತಮುತ್ತ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಅಲ್ಲಿಂದ ನೈರುತ್ಯಕ್ಕೆ ಮುನ್ನೂರು ಕಿಲೊಮೀಟರ್ ದೂರದ ಆಗುಂಬೆಯಲ್ಲಿ ಅದರ ಹತ್ತು ಪಟ್ಟಿಗೂ ಮಿಗಿಲು. ಕಡಲಿನಿಂದ ಬರುವ ಮುಂಗಾರು ಗಾಳಿ ಸಹ್ಯಾದ್ರಿಯನ್ನೇರುವಾಗ ತಣಿದು ಮಳೆ ಸುರಿಸುತ್ತದೆ. ಬಯಲುಸೀಮೆಗೆ ಇಳಿಯುವಾಗ ಕಾದು ಒಣಗಿರುತ್ತದೆ.

ಆದರೂ ಸಿಂಧನೂರು ಇಂದು ಭತ್ತದ ಸೀಮೆ. ಹೊಸಪೇಟೆ ಬಳಿಯ ತುಂಗಭದ್ರಾ ಜಲಾಶಯದಿಂದ 1953ರಲ್ಲಿ ಕಾಲುವೆಗಳಿಗೆ ನೀರು ಹರಿಯತೊಡಗಿದ ಮೇಲೆ, ಜೋಳ ಬೆಳೆಯುತ್ತಿದ್ದ ಎರೆ ಹೊಲಗಳಿಗೆ ಮಲೆನಾಡಿನ ಮಳೆ ಎಡದಂಡೆ ಕಾಲುವೆಯ ಮೂಲಕ ಬಂದು ತಲುಪಿತು. ಹಾಗಾಗಿ ಇಲ್ಲಿಯ ರೈತ ನಂಬಿರುವುದು ಎರಡು ಆಕಾಶಗಳನ್ನು: ತನ್ನ ನೆತ್ತಿಯ ಮೇಲಿನದು ಒಂದು, ಘಟ್ಟದ ಮೇಲಿನದು ಇನ್ನೊಂದು. ಮುಂದಿನ ದಶಕಗಳ ಹವಾಮಾನವನ್ನು ಲೆಕ್ಕ ಹಾಕುವವರು ಈ ಎರಡನ್ನೂ ಬೇರೆ ಬೇರೆಯಾಗಿ ಕಾಣಬಲ್ಲರೆ?

ಬಹುಕಾಲ ಕಾಣಲಾಗಲಿಲ್ಲ. 1876–78ರ ದೊಡ್ಡ ಬರದ ನಂತರ ಹೆನ್ರಿ ಬ್ಲಾನ್‌ಫರ್ಡ್ 1886ರಲ್ಲಿ ಹಿಮಾಲಯದ ಹಿಮವನ್ನು ಆಧರಿಸಿ ಮುಂಗಾರಿನ ಮುನ್ಸೂಚನೆ ಕೊಟ್ಟಾಗ, ಅದು ಭಾರತ, ಬರ್ಮಾಗಳೆರಡನ್ನೂ ಒಳಗೊಂಡಿತ್ತು! ವಾಯುಮಂಡಲವನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದ ಒತ್ತಡ, ಗಾಳಿಗಳ ಬದಲಾವಣೆಯನ್ನು ಭೌತವಿಜ್ಞಾನದ ಸಮೀಕರಣಗಳಿಂದಲೇ ಕಂಡುಹಿಡಿಯುವ ದಾರಿಯನ್ನು 1922ರಲ್ಲಿ ವಿವರಿಸಿದವರು ಇಂಗ್ಲೆಂಡಿನ ಲೂಯಿಸ್ ರಿಚರ್ಡ್‌ಸನ್. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಆಂಬುಲೆನ್ಸ್ ಓಡಿಸುತ್ತಲೇ ಆತ ಕೈಯಿಂದ ಮಾಡಿದ ಆರು ಗಂಟೆಗಳ ಮುನ್ಸೂಚನೆಯ ಲೆಕ್ಕ ಪೂರ್ತಿ ತಪ್ಪಾಗಿತ್ತು, ದಾರಿ ತಪ್ಪಾಗಿರಲಿಲ್ಲ. 1950ರಲ್ಲಿ ಅಮೆರಿಕದ ಎನಿಯಾಕ್ ಗಣಕಯಂತ್ರ ಅದನ್ನು ತೋರಿಸಿಕೊಟ್ಟಿತು.

ತೊಡಕಿದ್ದದ್ದು ಚೌಕದ ಗಾತ್ರದಲ್ಲಿ. 2000ದ ಸುಮಾರಿಗೆ ಹೆಸರು ಮಾಡಿದ್ದ ಬ್ರಿಟನ್ನಿನ ಹ್ಯಾಡ್ಲಿ ಕೇಂದ್ರದ ಜಾಗತಿಕ ಮಾದರಿಯಲ್ಲಿ, ನಮ್ಮ ಅಕ್ಷಾಂಶದ ಒಂದು ಚೌಕ ಸುಮಾರು 280 ಕಿ.ಮೀ. ಉದ್ದ, 400 ಕಿ.ಮೀ. ಅಗಲ. ಒಂದು ಚೌಕಕ್ಕೆ ಒಂದೇ ಎತ್ತರ, ಒಂದೇ ಮಳೆ. ಸಹ್ಯಾದ್ರಿಯಂಥ ಕಿರಿದಾದ ಬೆಟ್ಟಸಾಲು ಅದರಲ್ಲಿ ಸರಾಸರಿಯಾಗಿ ಕರಗಿಹೋಗುತ್ತದೆ. ಬೆಟ್ಟವಿಲ್ಲದ ಮೇಲೆ ಮಳೆನೆರಳು ಎಲ್ಲಿಂದ ಬರಬೇಕು?

ಚೌಕವನ್ನು ಚಿಕ್ಕದು ಮಾಡಬಹುದಲ್ಲ ಎನ್ನಬಹುದು. ಬದಿಯನ್ನು ಅರ್ಧಕ್ಕೆ ಇಳಿಸಿದರೆ ಚೌಕಗಳು ನಾಲ್ಕು ಪಟ್ಟಾಗುತ್ತವೆ. ಲೆಕ್ಕದ ಕಾಲಾಂತರವನ್ನೂ ಅರ್ಧ ಮಾಡಬೇಕಾಗುತ್ತದೆ. ಕೆಲಸ ಎಂಟು ಪಟ್ಟು! ಹೀಗಾಗಿ 1989ರಲ್ಲಿ ಫಿಲಿಪ್ಪೊ ಜಾರ್ಜಿ ಮತ್ತು ಸಂಗಡಿಗರು ಬೇರೊಂದು ಉಪಾಯ ಹೂಡಿದರು. ಜಗತ್ತಿಗೆಲ್ಲ ದೊಡ್ಡ ಚೌಕ ಇರಲಿ. ಬೇಕಾದ ಪ್ರದೇಶಕ್ಕೆ ಮಾತ್ರ ಸಣ್ಣ ಚೌಕಗಳ ಮಾದರಿಯನ್ನು ಅದರೊಳಗೆ ಕೂರಿಸಿ, ಅಂಚಿನಲ್ಲಿ ಒಳಬರುವ ಗಾಳಿ, ತೇವಗಳನ್ನು ದೊಡ್ಡ ಮಾದರಿಯಿಂದ ಪಡೆಯುವುದು. ಅವರು ಪ್ರಯೋಗಕ್ಕೆ ಆರಿಸಿಕೊಂಡದ್ದು ಅಮೆರಿಕದ ಪಶ್ಚಿಮದ ಬೆಟ್ಟನಾಡನ್ನು.

ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ 2000ದ ದಶಕದಲ್ಲಿ ಇದೇ ಬಗೆಯ, 50 ಕಿ.ಮೀ. ಚೌಕದ ಮಾದರಿಯನ್ನು ನಮ್ಮ ಮುಂಗಾರಿಗೆ ಬಳಸಿತು. ಕರಾವಳಿ ಕಡೆಯ ಘಟ್ಟದ ಮಳೆಯೂ ಒಳನಾಡಿನ ಒಣಹವೆಯೂ ಆಗ ಬೇರ್ಪಟ್ಟು ಕಂಡವು. ಅಷ್ಟು ಸಾಲದು ಅನ್ನಿ. ಆಗುಂಬೆ, ತೀರ್ಥಹಳ್ಳಿಗಳು ಈಗಲೂ ಒಂದೇ ಚೌಕಕ್ಕೆ ಬೀಳಬಹುದು. ಅವೆರಡರ ಮಳೆ ಒಂದೇ ಅಲ್ಲ. 2025ರಲ್ಲಿ ಹವಾಮಾನ ಇಲಾಖೆ ತಂದ 6 ಕಿ.ಮೀ. ಚೌಕದ ವ್ಯವಸ್ಥೆ ಮುಂದಿನ ಕೆಲವು ದಿನಗಳ ಮುನ್ಸೂಚನೆಗೆ, ದಶಕಗಳ ಲೆಕ್ಕಕ್ಕಲ್ಲ.

ಸಿಂಧನೂರಿಗೆ ಈ ಸೂಕ್ಷ್ಮತೆ ಏಕೆ ಬೇಕೆಂಬುದಕ್ಕೆ ಜಲಾಶಯದ ಹೂಳೇ ಉತ್ತರ. ಮೊದಲು ಸುಮಾರು 133 ಟಿಎಂಸಿ ಅಡಿ ಇದ್ದ ಅದರ ಸಾಮರ್ಥ್ಯ ಸುಮಾರು 105.8ಕ್ಕೆ ಇಳಿದಿದೆ. ಘಟ್ಟದ ಒಟ್ಟು ಮಳೆ ಕಡಿಮೆಯಾಗದೆಯೂ ಅದು ಕೆಲವೇ ದಿನಗಳಲ್ಲಿ ಒಮ್ಮೆಲೇ ಸುರಿದರೆ, ಜಲಾಶಯ ತುಂಬಿ ಹೆಚ್ಚುವರಿ ನೀರು ನದಿಗೆ ಹೋಗುತ್ತದೆ. ಎರಡನೇ ಬೆಳೆಯ ಹೊತ್ತಿಗೆ ಕಾಲುವೆ ಬತ್ತಿರುತ್ತದೆ. ವರ್ಷದ ಸರಾಸರಿ ಮಳೆಯ ಅಂಕಿಯಲ್ಲಿ ಈ ವ್ಯತ್ಯಾಸ ಕಾಣಿಸುವುದೇ ಇಲ್ಲ.