ಗುಡಾರದ ಎರಡು ಮುಖಗಳು: ಅಮೆರಿಕದ ಮಿತವ್ಯಯ ಮೋಟಾರು ಪ್ರವಾಸದ ಚರಿತ್ರೆ (೧೯೦೩-೧೯೪೧)

ದಂಪತಿಗಳಿಬ್ಬರು ಒಂದು ಮೋಟಾರು ಗಾಡಿಯನ್ನು ಬಾಡಿಗೆಗೆ ಹಿಡಿದು, ಅದರ ಹಿಂಬದಿಯಲ್ಲಿ ಒಂದು ಗುಡಾರವನ್ನೂ ನಾಲ್ಕು ಪಾತ್ರೆಗಳನ್ನೂ ಇರಿಸಿಕೊಂಡು, ಹೋಟೆಲಿನ ವೆಚ್ಚವಿಲ್ಲದೆ ನೂರಾರು ಮೈಲಿ ಸುತ್ತಿ ಬರುವುದು ಇಂದು ಅನೇಕ ದೇಶಗಳಲ್ಲಿ ಸಾಮಾನ್ಯ ಸಂಗತಿಯಾಗಿದೆ. ರಾಜವಂಶಗಳನ್ನೂ ಯುದ್ಧ ಸಂಧಿಗಳನ್ನೂ ಓದಿ ರೂಢಿಯಾದ ನಮ್ಮ ವಿದ್ಯಾರ್ಥಿಗಳಿಗೆ ಇದು ಇತಿಹಾಸದ ವಸ್ತುವೇ ಅಲ್ಲವೆಂದು ತೋರಬಹುದು. ಆದರೆ ಜನ ಹೇಗೆ ಉಂಡರು, ಎಲ್ಲಿ ಮಲಗಿದರು, ಯಾರ ಅನುಮತಿಯಿಂದ ದಾರಿ ನಡೆದರು ಎಂಬುದೂ ಇತಿಹಾಸವೇ ಸರಿ. ಈ ಬಗೆಯ ಪ್ರವಾಸವು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬೆಳೆದು ಬಂದ ಬಗೆಯನ್ನು ಪ್ರಕೃತ ಲೇಖನದಲ್ಲಿ ಸ್ಥೂಲವಾಗಿ ನಿರೂಪಿಸಿ, ಅದರೊಳಗೆ ಅಡಗಿರುವ ಒಂದು ಪ್ರಶ್ನೆಯನ್ನು ವಿವೇಚಿಸುವುದು ನಮ್ಮ ಉದ್ದೇಶ. ಮನೆಯನ್ನು ಬಿಟ್ಟು ದಾರಿಯ ಬದಿಯಲ್ಲಿ ಮಲಗುವವನು ಯಾವಾಗ ಪ್ರವಾಸಿ, ಯಾವಾಗ ಅಲೆಮಾರಿ? ಇದೇ ಆ ಪ್ರಶ್ನೆ.

ಮೋಟಾರು ಪ್ರವಾಸವು ಮೊದಲು ಧನಿಕರ ವಿನೋದವಾಗಿತ್ತು. ೧೯೦೩ರಲ್ಲಿ ಹೊರೇಷಿಯೋ ನೆಲ್ಸನ್ ಜ್ಯಾಕ್ಸನ್ ಎಂಬ ವೈದ್ಯನು ಸ್ಯಾನ್ ಫ್ರಾನ್ಸಿಸ್ಕೋದಿಂದ ನ್ಯೂಯಾರ್ಕಿಗೆ ಒಬ್ಬ ಯಂತ್ರಜ್ಞನ ಜೊತೆಯಲ್ಲಿ ೬೩ ದಿನಗಳಲ್ಲಿ ಗಾಡಿ ನಡೆಸಿಕೊಂಡು ಹೋದನು. ಅವನು ಕಟ್ಟಿದ್ದ ಪಂತ ೫೦ ಡಾಲರು. ಆದ ವೆಚ್ಚವಾದರೋ ಸುಮಾರು ೮,೦೦೦ ಡಾಲರು. ಈ ಸ್ಥಿತಿಯನ್ನು ಬದಲಾಯಿಸಿದ್ದು ಹೆನ್ರಿ ಫೋರ್ಡನ 'ಮಾಡೆಲ್ ಟಿ' ಗಾಡಿ. ೧೯೦೮ರಲ್ಲಿ ಅದು ಮಾರುಕಟ್ಟೆಗೆ ಬಂದಾಗ ಬೆಲೆ ೮೫೦ ಡಾಲರು. ೧೯೧೩ರಲ್ಲಿ ಚಲಿಸುವ ಜೋಡಣೆಯ ಸಾಲು ಕಾರ್ಖಾನೆಯಲ್ಲಿ ಜಾರಿಗೆ ಬಂದ ಮೇಲೆ ಬೆಲೆ ವರ್ಷ ವರ್ಷಕ್ಕೆ ಇಳಿಯುತ್ತ, ೧೯೨೫ರ ವೇಳೆಗೆ ೩೦೦ ಡಾಲರಿಗೂ ಕೆಳಗಾಯಿತು. ರಸ್ತೆಗಳೂ ಇದರ ಜೊತೆಜೊತೆಗೆ ಬೆಳೆದವು. ೧೯೧೩ರಲ್ಲಿ ಲಿಂಕನ್ ಹೆದ್ದಾರಿಯ ಯೋಜನೆ ಹೊರಬಿದ್ದಿತು. ೧೯೧೬ ಮತ್ತು ೧೯೨೧ರ ಶಾಸನಗಳು ರಸ್ತೆ ನಿರ್ಮಾಣಕ್ಕೆ ಕೇಂದ್ರ ಸರಕಾರದ ಹಣವನ್ನು ಒದಗಿಸಿದವು. ೧೯೨೬ರಲ್ಲಿ ದೇಶದ ಹೆದ್ದಾರಿಗಳಿಗೆ ಒಂದೇ ಕ್ರಮದ ಸಂಖ್ಯೆಗಳು ಬಂದವು.

ಗಾಡಿ ಅಗ್ಗವಾದುದು ಸರಿ, ಗುಡಾರ ಏತಕ್ಕೆ? ರೈಲು ಪ್ರವಾಸದಲ್ಲಿ ಇಬ್ಬರಿಗೆ ಎರಡು ಟಿಕೆಟ್ಟು ಕೊಳ್ಳಬೇಕು. ರೈಲು ಹೊರಡುವ ಹೊತ್ತಿಗೆ ಹೊರಡಬೇಕು. ರೈಲು ನಿಂತಲ್ಲಿ ಇಳಿಯಬೇಕು. ಹೋಟೆಲಿನಲ್ಲಿ ಕೋಣೆಯ ಬಾಡಿಗೆಯಲ್ಲದೆ ಸೇವಕರಿಗೆ ಇನಾಮು ಕೊಡಬೇಕು. ಧೂಳು ಮೆತ್ತಿದ ಬಟ್ಟೆಯಲ್ಲಿ ದೊಡ್ಡ ಹಜಾರವನ್ನು ಹಾಯುವ ಮುಜುಗರ ಬೇರೆ. ಮೋಟಾರು ಗಾಡಿಯಲ್ಲಿ ಒಬ್ಬರಿಗಾಗುವ ವೆಚ್ಚವೇ ಇಬ್ಬರಿಗೂ ಸಾಕು. ೧೯೨೦ರ ದಶಕದಲ್ಲಿ ಪೆಟ್ರೋಲಿನ ಬೆಲೆ ಗ್ಯಾಲನ್ನಿಗೆ ಇಪ್ಪತ್ತು ಸೆಂಟಿನ ಆಸುಪಾಸಿನಲ್ಲಿತ್ತು. ಗ್ಯಾಲನ್ನಿಗೆ ೧೫ರಿಂದ ೨೦ ಮೈಲಿ ಓಡುವ ಗಾಡಿಯೆಂದು ಲೆಕ್ಕ ಹಿಡಿದರೂ ನೂರು ಮೈಲಿಗೆ ಒಂದು ಡಾಲರಿಗಿಂತ ಸ್ವಲ್ಪ ಹೆಚ್ಚು ಆಗುತ್ತಿತ್ತು ಅಷ್ಟೆ. ಫೋರ್ಡನ ಕಾರ್ಖಾನೆಯಲ್ಲಿ ೧೯೧೪ರಿಂದ ದಿನಕ್ಕೆ ಐದು ಡಾಲರು ಕೂಲಿ ನಡೆಯುತ್ತಿದ್ದುದನ್ನು ನೆನೆದರೆ ಈ ಮೊತ್ತದ ಸ್ವಲ್ಪತೆ ಮನಗಾಣುತ್ತದೆ. ಗುಡಾರವೂ ಒಂದು ಸಣ್ಣ ಒಲೆಯೂ ಜೊತೆಗಿದ್ದರೆ ಮಿಕ್ಕ ವೆಚ್ಚವೂ ಹಿಡಿತಕ್ಕೆ ಬರುತ್ತಿತ್ತು.

ಬಾಡಿಗೆ ಗಾಡಿಯ ಪದ್ಧತಿಯೂ ಇದೇ ಕಾಲದ ಕೂಸು. ೧೯೧೬ರ ಸುಮಾರಿಗೆ ಒಮಾಹ ನಗರದ ಜೋ ಸಾಂಡರ್ಸ್ ಎಂಬಾತನು ಓಡಿದ ಮೈಲಿಯನ್ನು ಅಳೆದು ಬಾಡಿಗೆ ಪಡೆಯುವ ಉದ್ಯಮವನ್ನು ಆರಂಭಿಸಿದನು. ೧೯೧೮ರಲ್ಲಿ ಶಿಕಾಗೋದಲ್ಲಿ ವಾಲ್ಟರ್ ಜೇಕಬ್ಸ್ ಹನ್ನೆರಡು ಫೋರ್ಡ್ ಗಾಡಿಗಳೊಡನೆ ಅದೇ ಕೆಲಸಕ್ಕೆ ಕೈಹಾಕಿದನು. ೧೯೨೩ರಲ್ಲಿ ಅವನ ಸಂಸ್ಥೆಯನ್ನು ಜಾನ್ ಹರ್ಟ್ಸ್ ಕೊಂಡನು. ಆದರೆ ಆ ಕಾಲದಲ್ಲಿ ಮೈಲಿಗೆ ಹಣ ತೆತ್ತು ದೂರ ಪ್ರಯಾಣ ಮಾಡುವುದು ದುಬಾರಿಯಾದುದರಿಂದ ಬಾಡಿಗೆ ಗಾಡಿ ಹೆಚ್ಚಾಗಿ ಊರೊಳಗಿನ ಬಳಕೆಗೆ ಸಲ್ಲುತ್ತಿತ್ತು. ದೂರ ಹೊರಟವರು ಸ್ವಂತ ಗಾಡಿಯನ್ನೇ ನೆಚ್ಚಿದರು. ಬಾಡಿಗೆ ಗಾಡಿ ಮತ್ತು ಗುಡಾರ ಎಂಬ ಈ ಎರಡು ಎಳೆಗಳು ಒಂದಾಗಿ ಹೆಣೆದುಕೊಂಡದ್ದು ಬಹಳ ತಡವಾಗಿ.

ಗುಡಾರ ಹೊಡೆಯಲು ಮೊದಮೊದಲು ಜಾಗದ ಚಿಂತೆಯೇ ಇರಲಿಲ್ಲ. ಹೊಲದ ಅಂಚು, ಶಾಲೆಯ ಅಂಗಳ, ಹಳ್ಳದ ದಂಡೆ ಎಲ್ಲವೂ ಬಿಡಾರವಾಗುತ್ತಿದ್ದವು. ರೈತರು ಬೇಸತ್ತು ಬೇಲಿಗಳನ್ನು ಬಿಗಿ ಮಾಡಿದ ಮೇಲೆ ಊರುಗಳೇ ಮುಂದೆ ಬಂದು ಉಚಿತ ಬಿಡಾರಗಳನ್ನು ನಿರ್ಮಿಸಿದವು. ಡೆನ್ವರ್ ನಗರದ ಓವರ್‌ಲ್ಯಾಂಡ್ ಪಾರ್ಕ್ ಇವುಗಳಲ್ಲಿ ಪ್ರಖ್ಯಾತವಾದುದು. ಸುಮಾರು ೧೬೦ ಎಕರೆ ವಿಸ್ತಾರದ ಆ ಬಯಲಿನಲ್ಲಿ ನೂರಾರು ಗುಡಾರಗಳಿಗೆ ನಿವೇಶನವಿತ್ತು. ಇಂತಹ ಬಿಡಾರಗಳಲ್ಲಿ ನೀರು, ಶೌಚಗೃಹ, ಅಡಿಗೆಯ ತಾಣಗಳು ದೊರೆಯುತ್ತಿದ್ದವು. ನಮ್ಮ ನಾಡಿನ ಧರ್ಮಛತ್ರವನ್ನು ಬಲ್ಲವರಿಗೆ ಈ ಏರ್ಪಾಡು ಹೊಸದೆನಿಸದು. ಆದರೆ ಛತ್ರವನ್ನು ಕಟ್ಟಿಸಿದವನು ಪುಣ್ಯವನ್ನು ಬಯಸಿದನು. ಬಿಡಾರವನ್ನು ಕಟ್ಟಿಸಿದ ಊರು ವ್ಯಾಪಾರವನ್ನು ಬಯಸಿತು. ಉಚಿತವಾಗಿ ತಂಗಿದ ಪ್ರವಾಸಿಯು ಅಂಗಡಿಯಲ್ಲಿ ಹಣ ಬಿಚ್ಚುವನೆಂಬುದೇ ಅದರ ಲೆಕ್ಕಾಚಾರ. ಈ ಭೇದವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಇದರಿಂದಲೇ ಹುಟ್ಟಿದುದು.

ಈ ದಾರಿಯಲ್ಲಿ ಹೋದ ದಂಪತಿಗಳಲ್ಲಿ ಇಬ್ಬರನ್ನು ಹೆಸರಿಸಬಹುದು. ಮುಂದೆ ನೊಬೆಲ್ ಬಹುಮಾನವನ್ನು ಪಡೆದ ಕಾದಂಬರಿಕಾರ ಸಿಂಕ್ಲೇರ್ ಲೂಯಿಸನೂ ಅವನ ಪತ್ನಿ ಗ್ರೇಸಳೂ ೧೯೧೬ರಲ್ಲಿ ಫೋರ್ಡ್ ಗಾಡಿಯಲ್ಲಿ ಮಿನ್ನೆಸೋಟದಿಂದ ಪೆಸಿಫಿಕ್ ತೀರಕ್ಕೆ ಪಯಣ ಮಾಡಿದರು. ೧೯೧೯ರ ಕೊನೆಯಲ್ಲಿ ಅವನು ಇಂತಹ ಪ್ರವಾಸವನ್ನು ಕುರಿತು ಪತ್ರಿಕೆಯೊಂದಕ್ಕೆ ಬರೆದ ಲೇಖನಮಾಲೆಯ ಶೀರ್ಷಿಕೆಯಲ್ಲಿ 'ಆಟೋಬಮ್ಮಿಂಗ್' ಎಂಬ ಪದವನ್ನು ಬಳಸಿದನು. 'ಬಮ್' ಎಂದರೆ ದುಡಿಮೆಯಿಲ್ಲದೆ ತಿರಿದು ತಿರುಗುವವನು. ಎರಡನೆಯ ದಂಪತಿಗಳು ಕಾರ್ನೆಲ್ ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಫ್ರೆಡರಿಕ್ ಬೆಡೆಲ್ ಮತ್ತು ಅವನ ಪತ್ನಿ ಮೇರಿ. ಗುಡಾರದೊಡನೆ ದೇಶವನ್ನು ಸುತ್ತು ಹಾಕಿದ ೧೨,೦೦೦ ಮೈಲಿಗಳ ಯಾತ್ರೆಯನ್ನು ಮೇರಿ ಬೆಡೆಲ್ ೧೯೨೪ರಲ್ಲಿ ಗ್ರಂಥವಾಗಿ ಪ್ರಕಟಿಸಿದಳು. ಅದರ ಹೆಸರು 'ಮಾಡರ್ನ್ ಜಿಪ್ಸೀಸ್', ಎಂದರೆ ಆಧುನಿಕ ಜಿಪ್ಸಿಗಳು. ಅದೇ ವರ್ಷಗಳಲ್ಲಿ ಫೋರ್ಡ್, ಎಡಿಸನ್, ಫೈರ್‌ಸ್ಟೋನ್ ಮುಂತಾದ ಉದ್ಯಮಪತಿಗಳು ಪರಿವಾರ ಸಮೇತ ಗುಡಾರಯಾತ್ರೆ ಮಾಡಿ ತಮ್ಮನ್ನು 'ವ್ಯಾಗಬಾಂಡ್ಸ್', ಅಲೆಮಾರಿಗಳು ಎಂದು ಕರೆದುಕೊಂಡರು. ೧೯೧೯ರಲ್ಲಿ ಫ್ಲಾರಿಡದ ಟ್ಯಾಂಪದಲ್ಲಿ ಹುಟ್ಟಿದ ಗುಡಾರಪ್ರವಾಸಿಗಳ ಸಂಘವು 'ಟಿನ್ ಕ್ಯಾನ್ ಟೂರಿಸ್ಟ್ಸ್' ಎಂಬ ಹೆಸರನ್ನು ತಳೆಯಿತು. ಗಾಡಿಯ ಮುಂಭಾಗಕ್ಕೆ ಬೆಸೆದ ತಗಡಿನ ಡಬ್ಬಿಯೇ ಅದರ ಲಾಂಛನ.

ಪೋಕರಿ, ಜಿಪ್ಸಿ, ಅಲೆಮಾರಿ, ತಗಡಿನ ಡಬ್ಬಿ: ಸ್ಥಿತಿವಂತರು ಬಡವರ ಹೆಸರುಗಳನ್ನು ಆಟಕ್ಕೆಂದು ತೊಟ್ಟುಕೊಂಡ ಪರಿ ಇದು. ಆಟವಾಗಿ ಉಳಿಯಲು ಕಾರಣವೇನು? ಪ್ರಾಧ್ಯಾಪಕನಿಗೆ ಹಿಂದಿರುಗಲು ಮನೆಯೂ ಕೆಲಸವೂ ಇದ್ದವು. ಕಾರ್ಖಾನೆಯ ಕೂಲಿಗಾರರಿಗೆ ಸಂಬಳ ಸಹಿತವಾದ ರಜೆ ಆ ಕಾಲದಲ್ಲಿ ಅಪರೂಪವಾಗಿತ್ತು. ಅಗ್ಗದ ಪ್ರವಾಸವು ಹಣದಲ್ಲಿ ಅಗ್ಗವಾಗಿದ್ದರೂ ಬಿಡುವಿನಲ್ಲಿ ದುಬಾರಿಯಾಗಿತ್ತೆಂಬುದನ್ನು ಮರೆಯಲಾಗದು.

ಗಾಡಿ ಇನ್ನೂ ಅಗ್ಗವಾಗಿ, ಹಳೆಯ ಫೋರ್ಡುಗಳು ಕೂಲಿಗಾರರ ಕೈಗೂ ಬಂದಾಗ ಉಚಿತ ಬಿಡಾರಗಳಿಗೆ ಹೊಸ ಜನ ಬಂದರು. ಬೆಳೆಯಿಂದ ಬೆಳೆಗೆ ಕೆಲಸವನ್ನು ಅರಸಿ ಹೋಗುವ ಕುಟುಂಬಗಳು ವಾರಗಟ್ಟಲೆ ಅಲ್ಲಿಯೇ ನಿಂತವು. ಅಂಗಡಿಯಲ್ಲಿ ಬಿಚ್ಚಲು ಇವರಲ್ಲಿ ಹಣವಿರಲಿಲ್ಲ. ಊರುಗಳ ಲೆಕ್ಕಾಚಾರ ತಲೆಕೆಳಗಾಯಿತು. ೧೯೨೩-೨೪ರಿಂದೀಚೆಗೆ ಒಂದೊಂದಾಗಿ ಬಿಡಾರಗಳು ರಾತ್ರಿಗೆ ೨೫ ಅಥವಾ ೫೦ ಸೆಂಟು ಶುಲ್ಕವನ್ನು ವಿಧಿಸಿ, ತಂಗುವ ದಿನಗಳಿಗೂ ಮಿತಿಯನ್ನು ಗೊತ್ತುಮಾಡಿದವು. ಶುಲ್ಕದ ಮೊತ್ತಕ್ಕಿಂತ ಮಿಗಿಲಾದುದು ಅದು ಮಾಡಿದ ಕೆಲಸ. ಅಲ್ಲಿಂದ ಮುಂದೆ ಬಿಡಾರಕ್ಕೊಂದು ಬಾಗಿಲಾಯಿತು. ಶುಲ್ಕ ತೆರುವವರಿಗಾಗಿ ಖಾಸಗಿ ಕುಟೀರಗಳು ತಲೆಯೆತ್ತಿದವು. ೧೯೨೫ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಲೂಯಿಸ್ ಒಬಿಸ್ಪೋದಲ್ಲಿ ಆರ್ಥರ್ ಹೈನ್‌ಮನ್ ತೆರೆದ 'ಮೋ-ಟೆಲ್' ಈ ಬೆಳವಣಿಗೆಯ ಫಲ. ಇಂದು ಜಗತ್ತೆಲ್ಲ ಬಳಸುವ 'ಮೋಟೆಲ್' ಪದದ ಮೂಲವೂ ಅದೇ.

ಶುಲ್ಕ ತೆರಬಲ್ಲವರಿಗೆಲ್ಲ ಈ ಬಾಗಿಲು ತೆರೆಯಿತೆಂದೂ ಹೇಳುವಂತಿಲ್ಲ. ಸ್ವಂತ ಗಾಡಿಯಿದ್ದು ಜೇಬಿನಲ್ಲಿ ಹಣವಿದ್ದ ಆಫ್ರಿಕ ಮೂಲದ ಅಮೆರಿಕನ್ ದಂಪತಿಗಳಿಗೆ ಅನೇಕ ಬಿಡಾರಗಳಲ್ಲಿಯೂ ಕುಟೀರಗಳಲ್ಲಿಯೂ ಪ್ರವೇಶವಿರಲಿಲ್ಲ. ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿ ವಾಸವಾಗಿದ್ದ ಅಂಚೆ ನೌಕರ ವಿಕ್ಟರ್ ಹ್ಯೂಗೋ ಗ್ರೀನ್ ಅವರಿಗೆ ತಂಗಲು ಎಡೆ ದೊರೆಯುವ ತಾಣಗಳನ್ನು ಪಟ್ಟಿ ಮಾಡಿ ೧೯೩೬ರಿಂದ ಒಂದು ಮಾರ್ಗದರ್ಶಿಯನ್ನು ಹೊರಡಿಸಿದನು. ೧೯೬೪ರ ನಾಗರಿಕ ಹಕ್ಕುಗಳ ಶಾಸನ ಬರುವವರೆಗೂ ಅದರ ಅಗತ್ಯ ತಪ್ಪಲಿಲ್ಲ. ವರ್ಜೀನಿಯದ ಶೆನಂಡೋವ ರಾಷ್ಟ್ರೀಯ ಉದ್ಯಾನದಲ್ಲಿಯೂ ಒಂದು ಕಾಲಕ್ಕೆ ಅವರ ಬಿಡಾರಕ್ಕೆ ಲೂಯಿಸ್ ಮೌಂಟನ್ ಎಂಬ ಪ್ರತ್ಯೇಕ ಸ್ಥಳ ಮೀಸಲಾಗಿತ್ತು. ಛತ್ರದಲ್ಲಿ ಪಂಕ್ತಿಭೇದವನ್ನು ಕಂಡ ನಮ್ಮ ದೇಶದವರು ಇದನ್ನು ಓದಿ ಪರರನ್ನು ಹಳಿಯುವುದಕ್ಕಿಂತ ತಮ್ಮ ಕಡೆಗೂ ಒಮ್ಮೆ ನೋಡಿಕೊಳ್ಳುವುದು ಲೇಸು.

೧೯೨೯ರ ಆರ್ಥಿಕ ಕುಸಿತದ ತರುವಾಯ, ಅದರಲ್ಲಿಯೂ ಬಯಲು ಸೀಮೆಯ ಬರ ಮತ್ತು ಧೂಳಿನ ಬಿರುಗಾಳಿಗಳ ತರುವಾಯ, ಒಕ್ಲಹೋಮ, ಟೆಕ್ಸಸ್, ಅರ್ಕನ್ಸಾ ಮುಂತಾದ ಪ್ರಾಂತಗಳ ಲಕ್ಷಾಂತರ ಜನ ಪಶ್ಚಿಮಕ್ಕೆ ಹೊರಟರು. ಅವರ ಗಾಡಿಯೂ ಹಳೆಯ ಫೋರ್ಡೇ. ಅವರ ವಸತಿಯೂ ಗುಡಾರವೇ. ಅವರ ಹೆದ್ದಾರಿಯೂ ಪ್ರವಾಸಿಗಳ ಹೆದ್ದಾರಿಯೇ. ಹಿಂದಿರುಗಲು ಮನೆ ಮಾತ್ರ ಇರಲಿಲ್ಲ. ೧೯೩೬ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್ ನಗರದ ಪೋಲೀಸು ಮುಖ್ಯಾಧಿಕಾರಿಯು ತನ್ನ ೧೩೬ ಮಂದಿ ಪೋಲೀಸರನ್ನು ನಗರದಿಂದ ಬಹುದೂರದ ಪ್ರಾಂತದ ಗಡಿಗಳಿಗೆ ಕಳುಹಿಸಿ, ಕಾಣುವಂತಹ ಜೀವನಾಧಾರವಿಲ್ಲದವರನ್ನು ಹಿಂದಕ್ಕೆ ಅಟ್ಟಿಸಿದನು. ಇತಿಹಾಸದಲ್ಲಿ ಇದಕ್ಕೆ 'ಬಮ್ ಬ್ಲಾಕೇಡ್' ಎಂದು ಹೆಸರು. ಲೂಯಿಸನು ವಿನೋದಕ್ಕೆ ತೊಟ್ಟ ಪದವೇ ಹದಿನೇಳು ವರ್ಷಗಳೊಳಗೆ ಬಡವನನ್ನು ತಡೆಯುವ ಪದವಾಯಿತು.

ಈ ದಾರಿಗಳಲ್ಲಿ ಇನ್ನೊಂದು ದಂಪತಿಗಳೂ ಸಂಚರಿಸಿದರು. ಅರ್ಥಶಾಸ್ತ್ರಜ್ಞ ಪಾಲ್ ಟೇಲರ್ ಮತ್ತು ಛಾಯಾಚಿತ್ರಗ್ರಾಹಕಿ ಡೊರೊತಿಯ ಲ್ಯಾಂಗ್ ೧೯೩೫ರಲ್ಲಿ ವಿವಾಹವಾದವರು. ವಲಸೆ ಬಂದವರ ಸ್ಥಿತಿಯನ್ನು ಒಬ್ಬನು ಬರಹದಲ್ಲಿಯೂ ಒಬ್ಬಳು ಚಿತ್ರದಲ್ಲಿಯೂ ದಾಖಲಿಸಿ ೧೯೩೯ರಲ್ಲಿ ಜೊತೆಯಾಗಿ ಗ್ರಂಥವೊಂದನ್ನು ಹೊರತಂದರು. ೧೯೩೬ರ ಮಾರ್ಚಿಯಲ್ಲಿ ನಿಪೋಮೋ ಎಂಬಲ್ಲಿ, ಬಟಾಣಿ ಕೀಳುವ ಕೂಲಿಗಾರರ ಬಿಡಾರದಲ್ಲಿ, ಮಕ್ಕಳೊಡನೆ ಗುಡಾರದ ಅಡಿಯಲ್ಲಿ ಕುಳಿತ ತಾಯಿಯೊಬ್ಬಳ ಚಿತ್ರವನ್ನು ಲ್ಯಾಂಗ್ ತೆಗೆದಳು, ಅದು ಜಗತ್ಪ್ರಸಿದ್ಧವಾಯಿತು. ಮೇಲೆ ಹೇಳಿದ ಮೋ-ಟೆಲ್ ಇದ್ದ ಸ್ಯಾನ್ ಲೂಯಿಸ್ ಒಬಿಸ್ಪೋ ಊರಿನಿಂದ ನಿಪೋಮೋ ದಕ್ಷಿಣಕ್ಕೆ ಸುಮಾರು ೨೫ ಮೈಲಿ. ಎರಡೂ ಒಂದೇ ಹೆದ್ದಾರಿಯ ಬದಿಯವು. ಹಣವುಳ್ಳವನು ಗುಡಾರದಿಂದ ಕುಟೀರಕ್ಕೆ ಏರಿದ್ದನು. ಹಣವಿಲ್ಲದವಳಿಗೆ ಗುಡಾರವೇ ಮನೆಯಾಗಿತ್ತು. ಇಂಥವರಿಗಾಗಿ ಕೇಂದ್ರ ಸರಕಾರವು ಮೇರೀಸ್‌ವಿಲ್, ಆರ್ವಿನ್ ಮುಂತಾದ ಕಡೆಗಳಲ್ಲಿ ನೀರು, ಶೌಚಗೃಹಗಳುಳ್ಳ ಬಿಡಾರಗಳನ್ನು ಕಟ್ಟಿಸಿತು. ಒಂದು ಕಾಲಕ್ಕೆ ಪ್ರವಾಸಿಗಳಿಗೆ ಊರುಗಳು ತಾವಾಗಿಯೇ ಒದಗಿಸಿದ್ದ ಸೌಕರ್ಯಗಳೇ ಅವು. ಆದರೆ ಈಗ ಸ್ಥಳೀಯ ಭೂಮಾಲಿಕರಲ್ಲಿ ಅನೇಕರು ಅವುಗಳನ್ನು ವಿರೋಧಿಸಿದರು.

ಕೊನೆಗೆ ಈ ಪ್ರಶ್ನೆ ನ್ಯಾಯಾಲಯವನ್ನು ಮುಟ್ಟಿತು. ಮೇರೀಸ್‌ವಿಲ್ಲಿನ ಫ್ರೆಡ್ ಎಡ್ವರ್ಡ್ಸ್ ಎಂಬಾತನು ಟೆಕ್ಸಸಿನ ಸ್ಪರ್ ಎಂಬ ಊರಿಗೆ ಹೋಗಿ, ನಿರುದ್ಯೋಗಿಯಾಗಿದ್ದ ತನ್ನ ಪತ್ನಿಯ ಸೋದರನನ್ನು ತನ್ನ ಗಾಡಿಯಲ್ಲಿ ಕರೆತಂದನು. ೧೯೪೦ರ ಜನವರಿ ೧ರಂದು ಹೊರಟು ೫ರಂದು ಊರು ಸೇರಿದರು. ಹೊರಡುವಾಗ ಆ ಸೋದರನ ಬಳಿ ಸುಮಾರು ೨೦ ಡಾಲರಿತ್ತು. ಸೇರುವಾಗ ಏನೂ ಉಳಿದಿರಲಿಲ್ಲ. ನಿರ್ಗತಿಕನೆಂದು ತಿಳಿದೂ ಒಬ್ಬನನ್ನು ಪ್ರಾಂತದೊಳಕ್ಕೆ ಕರೆತರುವುದು ಕ್ಯಾಲಿಫೋರ್ನಿಯದ ಶಾಸನದಂತೆ ಅಪರಾಧವಾದುದರಿಂದ ಎಡ್ವರ್ಡ್ಸನಿಗೆ ಆರು ತಿಂಗಳ ಸಜೆಯನ್ನು ವಿಧಿಸಿ ಅಮಾನತಿನಲ್ಲಿರಿಸಲಾಯಿತು. ೧೯೪೧ರ ನವೆಂಬರ್ ೨೪ರಂದು ಸಂಯುಕ್ತ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯವು ಆ ಶಾಸನವನ್ನು ರದ್ದುಮಾಡಿತು. ಬಡತನವೂ ದುರ್ನಡತೆಯೂ ಒಂದೇ ಅಲ್ಲವೆಂದು ನ್ಯಾಯಮೂರ್ತಿ ಬರ್ನ್ಸ್ ಅಭಿಪ್ರಾಯಪಟ್ಟರು. ಒಂದು ಪ್ರಾಂತದಿಂದ ಇನ್ನೊಂದಕ್ಕೆ ಹೋಗುವುದು ಪೌರತ್ವಕ್ಕೇ ಸೇರಿದ ಹಕ್ಕೆಂದು ಡಗ್ಲಸ್ ಮತ್ತು ಜ್ಯಾಕ್ಸನ್ ಎಂಬ ನ್ಯಾಯಮೂರ್ತಿಗಳು ಪ್ರತ್ಯೇಕವಾಗಿ ಬರೆದರು.

ಮೇಲ್ಕಂಡ ಸಂಗತಿಗಳಿಂದ ನಾವು ಇಷ್ಟನ್ನು ನಿರ್ಣಯಿಸಬಹುದು. ಪ್ರವಾಸಿ ಮತ್ತು ಅಲೆಮಾರಿ ಎಂಬ ಭೇದವು ಗಾಡಿಯಲ್ಲಿಯೂ ಇರಲಿಲ್ಲ, ಗುಡಾರದಲ್ಲಿಯೂ ಇರಲಿಲ್ಲ. ಹಿಂದೆ ಬಿಟ್ಟು ಬಂದ ಮನೆಯಲ್ಲಿತ್ತು, ನೋಡುವವರ ಕಣ್ಣಿನಲ್ಲಿತ್ತು. ಮಿತವ್ಯಯವು ಆಯ್ಕೆಯಾದಾಗ ಅದನ್ನು ಸಾಹಸವೆಂದು ಹೊಗಳಿದ ಸಮಾಜವೇ, ಅದು ಅನಿವಾರ್ಯವಾದಾಗ ಅಪರಾಧವೆಂದು ಬಗೆಯಿತು. ಇಂದು ಬಾಡಿಗೆ ಗಾಡಿಯನ್ನು ಪಡೆಯಬೇಕಾದವರು ಸಾಮಾನ್ಯವಾಗಿ ಬ್ಯಾಂಕಿನ ಕಾರ್ಡನ್ನು ತೋರಿಸಿ ಮುಂಗಡವನ್ನು ಒಪ್ಪಿಸಬೇಕು. ಬಾಗಿಲು ಈಗಲೂ ಇದೆ, ಅದರ ರೂಪ ಮಾತ್ರ ಬದಲಾಗಿದೆ. ಹೀಗೆಂದು ದಂಪತಿಗಳ ನಿರುಪದ್ರವವಾದ ಸಂತೋಷವನ್ನು ನಾವು ಆಕ್ಷೇಪಿಸುತ್ತಿಲ್ಲ. ಅಗ್ಗದಲ್ಲಿ ದೇಶ ನೋಡುವ ಹಂಬಲ ಒಳ್ಳೆಯದೇ. ಆದರೆ ರಾತ್ರಿ ಗುಡಾರದ ಹಗ್ಗವನ್ನು ಬಿಗಿಯುವಾಗ, ಅದೇ ನೆಲದ ಮೇಲೆ ಅದೇ ಬಗೆಯ ಬಟ್ಟೆಯ ಅಡಿಯಲ್ಲಿ ಮಲಗಲೂ ಅಪ್ಪಣೆಯಿಲ್ಲದೆ ಹೋದವರಿದ್ದರೆಂಬ ಅರಿವು ಇರುವುದು ಇತಿಹಾಸವನ್ನು ಓದಿದವರಿಗೆ ತಕ್ಕುದಾಗಿದೆ.